ಕಿರ್ದಿ ಪುಸ್ತಕದಲ್ಲಿ ಬೋಪಣ್ಣ

ರಾಯಚೂರಿನ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹತ್ತಿ, ತೊಗರಿ, ಭತ್ತ. ಯಾರ ಮಾಲು ಎಷ್ಟು ಬಂತು, ಯಾರ ಮುಂಗಡ ಎಷ್ಟು ಮುರಿಯಬೇಕು, ಇದೇ ದಿನವಿಡೀ. ಕಂಪ್ಯೂಟರ್ ಬಂದರೂ ನಾನು ಕಿರ್ದಿ, ಅಂದರೆ ದಿನದ ಜಮಾ-ಖರ್ಚು ಬರೆಯುವ ಪುಸ್ತಕ, ಬಿಟ್ಟಿಲ್ಲ. ಇಂಥವನು ಟೆನಿಸ್ ರ‍್ಯಾಂಕಿಂಗ್ ಲೆಕ್ಕ ಇಡುತ್ತಾನೆ ಅಂದರೆ ಹಮಾಲರೂ ನಗುತ್ತಾರೆ. ರ‍್ಯಾಕೆಟ್ ಅನ್ನು ನಾನು ಒಂದು ದಿನವೂ ಕೈಯಲ್ಲಿ ಹಿಡಿದವನಲ್ಲ.

ಇದೆಲ್ಲ ಶುರುವಾದದ್ದು ಅಕ್ಕನ ಮಗನ ಜೊತೆಗಿನ ಜಗಳದಿಂದ. 2023ರ ಸೆಪ್ಟೆಂಬರ್. ನಮ್ಮ ಟೆನಿಸ್ ಆಟಗಾರ ರೋಹನ್ ಬೋಪಣ್ಣ, ಅವರ ಜೊತೆಗಾರ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಯುಎಸ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ರಾಜೀವ್ ರಾಮ್, ಜೋ ಸಾಲಿಸ್‌ಬರಿ ಎದುರು ಆಡಿದ್ದರು. ಮೊದಲ ಸೆಟ್ 6-2 ಗೆದ್ದರು, ಆಮೇಲೆ 3-6, 4-6. ಸೋತರು. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಒಗ್ಗರಣಿ, ಮಿರ್ಚಿ ಮುಂದೆ ಇಟ್ಟುಕೊಂಡು ಕೂತಾಗ ಅಳಿಯ ಶುರು ಮಾಡಿದ.

"ಮಾಮಾ, ಡಬಲ್ಸ್ ಅಂದ್ರ ಸಿಂಗಲ್ಸ್‌ನಾಗ ನಡೀಲಾರದವರ ಆಟ. ಎಬ್ಡೆನ್ ಸಿಕ್ಕ, ಫೈನಲ್ ಮುಟ್ಟಿದ್ರು. ಇಷ್ಟ ನೋಡು."

"ಲೇ, ನಲವತ್ಮೂರು ವರ್ಷ ಆಗ್ಯಾವ ಅವರಿಗೆ!"

"ಅದಕ್ಕ ಹೇಳಾಕತ್ತೀನಿ. ನಸೀಬು."

ಉತ್ತರ ಹೊಳೆಯಲಿಲ್ಲ. ಗಂಜ್‌ನಲ್ಲಿ ತಕರಾರು ಬಂದರೆ ನಾವು ಕೂಗಾಡುವುದಿಲ್ಲ, ಪುಸ್ತಕ ತೆಗೆಯುತ್ತೇವೆ. ಅವತ್ತು ಸಂಜೆಯೇ ಒಂದು ಉದ್ದನೆಯ ನೋಟ್‌ಬುಕ್ ತಂದೆ. ವಾರ, ಟೂರ್ನಿ, ಜೊತೆಗಾರ, ಎಷ್ಟನೇ ಸುತ್ತು, ಜಮಾ, ಖರ್ಚು ಅಂತ ಗೆರೆ ಹೊಡೆದೆ.

ರ‍್ಯಾಂಕಿಂಗ್ ನನಗೆ ಬೇಗ ಅರ್ಥ ಆಯಿತು, ಯಾಕೆಂದರೆ ಅದು ಕಿರ್ದಿಯೇ. ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಗೆದ್ದರೆ 2000 ಅಂಕ ಜಮಾ. ಜೋಡಿ ಹಂಚಿಕೊಳ್ಳುವುದಲ್ಲ, ಇಬ್ಬರಿಗೂ ಅಷ್ಟಷ್ಟು. ಫೈನಲ್‌ನಲ್ಲಿ ಸೋತರೆ 1200, ಸೆಮಿಫೈನಲ್‌ಗೆ 720, ಕ್ವಾರ್ಟರ್‌ಗೆ 360, ಅದರ ಹಿಂದಿನ ಸುತ್ತಿಗೆ 180. ಮೊದಲ ಸುತ್ತಿನಲ್ಲೇ ಸೋತರೆ ಸೊನ್ನೆ. ಆದರೆ ಜಮಾ ಆದದ್ದು 52 ವಾರ ಮಾತ್ರ ಇರುತ್ತದೆ. ಮರುವರ್ಷ ಅದೇ ಟೂರ್ನಿ ಬಂದಾಗ ಹಳೆಯದು ಖರ್ಚು ಬೀಳುತ್ತದೆ, ಹೊಸದಾಗಿ ಗಳಿಸಿದ್ದು ಅದರ ಜಾಗಕ್ಕೆ ಬರುತ್ತದೆ. ಆಡಿದ ಎಲ್ಲ ಟೂರ್ನಿಯೂ ಎಣಿಕೆಗೆ ಬರುವುದಿಲ್ಲ, ಚೆನ್ನಾಗಿ ಆಡಿದವು ಮಾತ್ರ. ಸೋಮವಾರಕ್ಕೆ ಪಟ್ಟಿ. ಪೇಪರಿನಲ್ಲಿ 'ವಿಶ್ವದ ನಂಬರ್ 1' ಅಂತ ಬರೆದಾಗ ಅದೇನೋ ಪದವಿ ಕೊಟ್ಟ ಹಾಗೆ ಕೇಳಿಸುತ್ತದೆ. ಲೆಕ್ಕ ಬರೆಯುವವನ ಕಣ್ಣಿಗೆ ಅದು ಆ ಸೋಮವಾರದ ಶಿಲ್ಕು, ಖರ್ಚು ಕಳೆದು ಉಳಿದದ್ದು.

ಮೊದಲ ಲೆಕ್ಕವೇ ತಾಳೆ ಆಗಲಿಲ್ಲ. ಹಿಂದಿನ 52 ವಾರದ್ದು ಕೂಡಿದರೆ ನನ್ನ ಮೊತ್ತ ಅಧಿಕೃತ ಪಟ್ಟಿಗಿಂತ ಜಾಸ್ತಿ ಬಂತು. ಎರಡು ಸಂಜೆ ಅದರ ಹಿಂದೆಯೇ ಹೋದವು. ಮತ್ತೆ ಮತ್ತೆ ಕೂಡಿದೆ, ಅದೇ ವ್ಯತ್ಯಾಸ. ಸರಿಯಾಗಿ 1200. ವ್ಯತ್ಯಾಸ ಹೀಗೆ ದುಂಡಗೆ ಬಂದರೆ ಕೂಡುವುದರಲ್ಲಿ ತಪ್ಪಿಲ್ಲ, ಯಾವುದೋ ಒಂದು ಎಂಟ್ರಿಯೇ ತಪ್ಪು ಅಂತ ನಮ್ಮ ಕೆಲಸದಲ್ಲಿ ಗೊತ್ತಿರುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಹೋದೆ. 2023ರ ಜನವರಿ, ಆಸ್ಟ್ರೇಲಿಯನ್ ಓಪನ್, ಸಾನಿಯಾ ಮಿರ್ಜಾ ಜೊತೆ ಫೈನಲ್. ಅದು ಮಿಕ್ಸೆಡ್ ಡಬಲ್ಸ್, ಗಂಡು-ಹೆಣ್ಣು ಜೋಡಿಯ ಆಟ! ಮಿಕ್ಸೆಡ್ ಡಬಲ್ಸ್‌ಗೆ ರ‍್ಯಾಂಕಿಂಗ್ ಅಂಕವೇ ಇಲ್ಲ.

ಅದನ್ನು ಹೊಡೆದು ಹಾಕಿದೆ, ಲೆಕ್ಕ ಕೂತಿತು. ಮನಸ್ಸು ಮಾತ್ರ ಕೂರಲಿಲ್ಲ. ಅಂದರೆ 2017ರಲ್ಲಿ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಗೆದ್ದ ಫ್ರೆಂಚ್ ಓಪನ್ ಮಿಕ್ಸೆಡ್ ಪ್ರಶಸ್ತಿ, ಬೋಪಣ್ಣನವರ ಮೊದಲ ಗ್ರ್ಯಾಂಡ್‌ಸ್ಲಾಮ್, ರ‍್ಯಾಂಕಿಂಗ್ ಲೆಕ್ಕದಲ್ಲಿ ಸೊನ್ನೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ದಿವಿಜ್ ಶರಣ್ ಜೊತೆ ಬಂದ ಚಿನ್ನ, ಸೊನ್ನೆ. ರಿಯೋ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಜೊತೆ ಕಂಚಿನ ಪಂದ್ಯದವರೆಗೆ ಹೋಗಿ ಸೋತದ್ದು, ಅದೂ ಸೊನ್ನೆ. ಹಾಗಾಗಿ ನೋಟ್‌ಬುಕ್‌ನ ಹಿಂದಿನ ಹಾಳೆಗಳನ್ನು ಇವಕ್ಕೇ ಬಿಟ್ಟೆ. 'ಅಂಕ ಇಲ್ಲದ ಜಮಾ' ಅಂತ ಮೇಲೆ ಬರೆದೆ. ಯಾರದೇ ಕರಿಯರ್ ತೂಗುವಾಗ ನಾನು ಈಗ ಮೊದಲು ತೆಗೆಯುವುದು ಈ ಹಾಳೆಗಳನ್ನೇ.

2024ರ ಜನವರಿ ಬಂತು. ಹತ್ತಿ ಬರುವ ಕಾಲ, ಗಂಜ್‌ನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಮೊಬೈಲ್ ಅನ್ನು ಕಿರ್ದಿ ಕೆಳಗೆ ಇಟ್ಟುಕೊಂಡು ಸ್ಕೋರ್ ನೋಡುತ್ತಿದ್ದೆ. ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಅರ್ಜೆಂಟೀನಾದ ಗೊನ್ಜಾಲೆಜ್, ಮೊಲ್ಟೆನಿ ಜೋಡಿಯನ್ನು ಸೋಲಿಸಿದ ಗಳಿಗೆಗೇ ಬೋಪಣ್ಣ ನಂಬರ್ 1 ಆಗುವುದು ಖಾತ್ರಿ ಆಯಿತು. ಪ್ರಶಸ್ತಿ ಬಂದದ್ದು ಆಮೇಲೆ. ಇಟಲಿಯ ಬೊಲೆಲಿ, ವವಾಸೊರಿ ಎದುರು 7-6, 7-5. ಪುರುಷರ ಡಬಲ್ಸ್‌ನಲ್ಲಿ ಬೋಪಣ್ಣನವರ ಮೊದಲ ಗ್ರ್ಯಾಂಡ್‌ಸ್ಲಾಮ್. ಜನವರಿ 29ರ ಸೋಮವಾರ ಪಟ್ಟಿ ಬಂತು. 43ನೇ ವಯಸ್ಸಿನಲ್ಲಿ ಮೊದಲ ಸಲ ನಂಬರ್ 1. ಸಾವ್ಕಾರ್ರಿಗೆ ಪೇಡೆ ಕೊಟ್ಟೆ. "ಮಗಳ ಸಂಬಂಧ ಕೂಡಿತೇನು?" ಅಂತ ಕೇಳಿದರು.

ಅಳಿಯ ಆಗಲೂ ಸೋಲಲಿಲ್ಲ. "ಎಬ್ಡೆನ್, ಮಾಮಾ. ಎಬ್ಡೆನ್."

ಈ ಮಾತಿಗೆ ಉತ್ತರ ಸಿಕ್ಕಿದ್ದು ಮೇ ತಿಂಗಳಲ್ಲಿ. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ವಾ, ಮಧ್ಯಾಹ್ನ ಗಂಜ್‌ನಲ್ಲಿ ನಾಯಿಯೂ ಓಡಾಡುವುದಿಲ್ಲ. ಆವಕ ಕಡಿಮೆ. ಫ್ಯಾನ್ ಕೆಳಗೆ ಕೂತು ಹಳೆಯ ವರ್ಷಗಳನ್ನು ಒಂದೊಂದಾಗಿ ತುಂಬಿಸಿದೆ. ಗ್ರ್ಯಾಂಡ್‌ಸ್ಲಾಮ್ ಬಿಟ್ಟರೆ ದೊಡ್ಡ ಟೂರ್ನಿಗಳಾದ ಮಾಸ್ಟರ್ಸ್ 1000 ಪ್ರಶಸ್ತಿಗಳನ್ನು ಕೆಂಪು ಪೆನ್ನಿನಲ್ಲಿ ಬರೆದೆ. 2011ರ ಪ್ಯಾರಿಸ್, ಐಸಾಮ್ ಉಲ್ ಹಕ್ ಖುರೇಷಿ ಜೊತೆ. 2012ರ ಪ್ಯಾರಿಸ್, ಮಹೇಶ್ ಭೂಪತಿ ಜೊತೆ. 2015ರ ಮ್ಯಾಡ್ರಿಡ್, ಫ್ಲೋರಿನ್ ಮೆರ್ಜಿಯಾ. 2017ರ ಮಾಂಟೆಕಾರ್ಲೊ, ಪಾಬ್ಲೊ ಕ್ಯುವಾಸ್. 2023ರ ಇಂಡಿಯನ್ ವೆಲ್ಸ್, 2024ರ ಮಿಯಾಮಿ, ಎರಡೂ ಎಬ್ಡೆನ್. ಆರು ಪ್ರಶಸ್ತಿ, ಐದು ಜೊತೆಗಾರರು. ಜೊತೆಗಾರನ ಕಾಲಂ ಹಾಕದೆ ಸುಮ್ನೆ ಅಂಕ ಬರೆದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ. ಬ್ರಯಾನ್ ಸಹೋದರರು ಅವಳಿಗಳು, ಒಟ್ಟಿಗೇ 16 ಗ್ರ್ಯಾಂಡ್‌ಸ್ಲಾಮ್ ಗೆದ್ದರು. ಇವರದು ಹಾಗಲ್ಲ. ಹೆಚ್ಚೂ ಕಡಿಮೆ ಪ್ರತಿ ಸಲ ಹೊಸ ಪಾಲುದಾರ, ಹೊಸ ಅಂಗಡಿ.

ಅಳಿಯನಿಗೆ ಆ ಹಾಳೆ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, "2010 ಎಲ್ಲೈತಿ?" ಅಂದ. ಯುಎಸ್ ಓಪನ್ ಫೈನಲ್, ಖುರೇಷಿ ಜೊತೆ, ಅದೇ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕರ್‌ನಲ್ಲಿ ಸೋತದ್ದು. ಅಲ್ಲಿಂದ ಪುರುಷರ ಡಬಲ್ಸ್‌ನ ಮುಂದಿನ ಗ್ರ್ಯಾಂಡ್‌ಸ್ಲಾಮ್ ಫೈನಲ್‌ಗೆ 13 ವರ್ಷ. ನಡುವೆ ವಿಂಬಲ್ಡನ್ ಸೆಮಿಫೈನಲ್‌ಗಳಿವೆ, 2021ರಲ್ಲಿ ಸೋಲಿನ ಮೇಲೆ ಸೋಲು ಬಂದು ಆಟವನ್ನೇ ಬಿಡುವ ಯೋಚನೆ ಬಂದಿತ್ತೆಂದು ಅವರೇ ಹೇಳಿಕೊಂಡದ್ದೂ ಇದೆ. ಆ ಹಾಳೆಗಳು ಓದಲು ಬೇಜಾರು. ಆದರೆ ಬರೆಯುವಾಗ ನನಗೆ ಹೆಚ್ಚು ಹೊತ್ತು ಹಿಡಿದದ್ದು ಅವೇ.

ಸಿಂಗಲ್ಸ್ ವಿಷಯದಲ್ಲಿ ಅಳಿಯನ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಬೋಪಣ್ಣನವರ ಸಿಂಗಲ್ಸ್ ಉತ್ತಮ ರ‍್ಯಾಂಕ್ 213, 2007ರಲ್ಲಿ. ಅದನ್ನು ಮೊದಲ ಹಾಳೆಯಲ್ಲೇ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ. ಸಿಂಗಲ್ಸ್‌ನ ದೊಡ್ಡ ಆಟಗಾರರು ಡಬಲ್ಸ್ ಆಡುವುದೇ ಕಡಿಮೆ, ಅದೂ ನಿಜ. ಆದರೆ ಸಿಂಗಲ್ಸ್‌ನಲ್ಲಿ ನಮ್ಮ ಹಳೆಯ ಆಟಗಾರ ವಿಜಯ್ ಅಮೃತರಾಜ್ ಅವರ 18, ರಮೇಶ್ ಕೃಷ್ಣನ್ ಅವರ 23, ಡಬಲ್ಸ್‌ನಲ್ಲಿ ಬೋಪಣ್ಣನವರ 1, ಮೂರನ್ನೂ ಒಂದೇ ಕಾಲಂನಲ್ಲಿ ಇಟ್ಟು ಯಾರು ದೊಡ್ಡವರು ಅಂತ ಕೇಳುವುದು ಸರಿಯಲ್ಲ. ಹತ್ತಿ ಕ್ವಿಂಟಾಲೂ ನೂರು ಕೆಜಿ, ತೊಗರಿ ಕ್ವಿಂಟಾಲೂ ನೂರು ಕೆಜಿ. ಹಾಗಂತ ಒಂದೇ ಚೀಲಕ್ಕೆ ಯಾರಾದರೂ ತುಂಬುತ್ತಾರಾ?

ಖರ್ಚಿನ ಕಾಲಂ ತುಂಬುವಾಗ ಬೇಸರ ಆಗುತ್ತಿತ್ತು. 2024ರ ಯುಎಸ್ ಓಪನ್‌ನಲ್ಲಿ ಮೂರನೇ ಸುತ್ತಿಗೇ ಸೋತರು. ಹಳೆಯ 1200 ಹೋಗಿ 180 ಬಂತು. 2025ರ ಜನವರಿಯಲ್ಲಿ ಇನ್ನೂ ಕೆಟ್ಟದ್ದು. ಹೊಸ ಜೊತೆಗಾರ ಬಾರಿಯೆಂಟೋಸ್ ಜೊತೆ ಮೆಲ್ಬರ್ನ್‌ನಲ್ಲಿ, ಅದೇ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಮೊದಲ ಸುತ್ತಿನಲ್ಲೇ ಹೊರಗೆ. 2000 ಖರ್ಚು, ಜಮಾ ಸೊನ್ನೆ. ಆ ಸಾಲು ಬರೆಯಲು ಮೂರು ದಿನ ತಡ ಮಾಡಿದೆ. ಅಂಗಡಿ ಲೆಕ್ಕದಲ್ಲಿ ಯಾವತ್ತೂ ಹಾಗೆ ಮಾಡಿದವನಲ್ಲ.

2025ರ ನವೆಂಬರ್ 1ರಂದು ಅವರು ನಿವೃತ್ತಿ ಹೇಳಿದರು. ಅದಕ್ಕೂ ಸ್ವಲ್ಪ ಮುಂಚೆ, 45ನೇ ವಯಸ್ಸಿನಲ್ಲಿ, ಟೋಕಿಯೊದಲ್ಲಿ ಜಪಾನಿನ ಟಕೇರು ಯುಜುಕಿ ಜೊತೆ ಫೈನಲ್ ಆಡಿದ್ದರು. ಆಟ ನಿಂತರೂ ನನ್ನ ಪುಸ್ತಕದಲ್ಲಿ ಖಾತೆ ನಿಂತಿರಲಿಲ್ಲ. 52 ವಾರ ತುಂಬುತ್ತಾ ಬಂದ ಹಾಗೆ ಒಂದೊಂದೇ ಸಾಲು ಹೊಡೆಯುವುದು ಬಾಕಿ ಇತ್ತು.

ನಿವೃತ್ತಿಯಾದ ವಾರ ಅಳಿಯ ಮನೆಗೆ ಬಂದಾಗ ಕೈಯಲ್ಲಿ ಹೊಸ ನೋಟ್‌ಬುಕ್ ಇತ್ತು. ಮೇಲೆ ಯೂಕಿ ಭಾಂಬ್ರಿ ಅಂತ ಬರೆದಿದ್ದ. 2025ರ ಯುಎಸ್ ಓಪನ್ ಡಬಲ್ಸ್‌ನಲ್ಲಿ ಮೈಕೆಲ್ ವೀನಸ್ ಜೊತೆ ಸೆಮಿಫೈನಲ್ ಮುಟ್ಟಿದವರು. ತೆರೆದು ನೋಡಿದೆ. ಗೆರೆಗಳೆಲ್ಲ ನನ್ನವೇ, ಜೊತೆಗಾರನ ಕಾಲಂ ಸಹ ಇತ್ತು. ಆದರೆ ಮೊದಲ ಹಾಳೆಯ ಮೊದಲ ಸಾಲು ದಪ್ಪ ಅಕ್ಷರದಲ್ಲಿ: 'ಸಿಂಗಲ್ಸ್ 83, 2018'.

"ಇದನ್ನ ಮೊದ್ಲು ಬರಿಬೇಕು ಮಾಮಾ," ಅಂದ.