ಬೆಂಕಿ ಹತ್ತುವ ಮುಂಚೆ ಒಮ್ಮೆ ಮೆಟ್ಟಿಲು ಇಳಿದು ನೋಡಿ

ಆಫೀಸಿನಲ್ಲಿ ಬೆಂಕಿಯ ಮಾತು ಬಂದರೆ ಸಾಕು, ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಾಕಿಸಿ ಕೈತೊಳೆದುಕೊಳ್ಳುತ್ತೇವೆ. ಅದು ಬೇಕು, ಆದರೆ ಮೊದಲ ಕೆಲಸ ಅದಲ್ಲ. ಇವತ್ತು ಮನೆಗೆ ಹೊರಡುವಾಗ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಬನ್ನಿ. ರಸ್ತೆಗೆ ಕಾಲಿಡುವ ತನಕ.

ನಾನು ಹಾಗೆ ಇಳಿದದ್ದು ಕೆಲಸಕ್ಕೆ ಸೇರಿ ಎರಡು ವರ್ಷ ಆದಮೇಲೆ. ಒಂದು ತಿರುವಿನಲ್ಲಿ ಮುರಿದ ಕುರ್ಚಿಗಳ ರಾಶಿ, ಇನ್ನೊಂದರಲ್ಲಿ ಖಾಲಿ ನೀರಿನ ಕ್ಯಾನುಗಳು. ಕೆಳಗಿನ ಬಾಗಿಲಿಗೆ ಬೀಗ. ಕೀ ಸೆಕ್ಯುರಿಟಿಯವರ ಹತ್ತಿರ, ಅವರು ಟೀ ಅಂಗಡಿ ಹತ್ತಿರ. ‘ಕಳ್ಳರ ಕಾಟ ಸಾರ್, ಅದಕ್ಕೇ’ ಅಂದರು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಆಫೀಸು ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಕಟ್ಟಡದ ತುಂಬಾ ಹೊಗೆ, ತುರ್ತು ಬಾಗಿಲಿಗೆ ಬೀಗ. ಉಸಿರು ಕಟ್ಟಿ ಮೇಲಿನ ಮಹಡಿಗಳಿಂದ ಹಾರಿದವರೂ ಇದ್ದರು. ಬೆಂಕಿಗಿಂತ ಮೊದಲು ನಮ್ಮನ್ನು ಹಿಡಿಯುವುದು ಹೊಗೆ.

ಹಾಗಾಗಿ ಮೊದಲು ಮೆಟ್ಟಿಲು ಖಾಲಿ ಮಾಡಿಸಿ. ತುರ್ತು ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯಬೇಕು. ಕಾರ್ಡ್ ತೋರಿಸಿ ತೆರೆಯುವ ಬಾಗಿಲು ಇದ್ದರೆ, ಕರೆಂಟ್ ಹೋದಾಗ ಅದು ಏನು ಮಾಡುತ್ತದೆ ನೋಡಿ. ಎಷ್ಟೋ ಕಡೆ ಯುಪಿಎಸ್ ಕರೆಂಟ್ ಅದರ ಮ್ಯಾಗ್ನೆಟ್ ಬೀಗವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತದೆ! ಬಾಗಿಲ ಪಕ್ಕದಲ್ಲೇ ಒತ್ತಿ ಬಿಡಿಸುವ ಬಟನ್ ಇರಲಿ.

ಆಮೇಲೆ ಪ್ಲಗ್ ಪಾಯಿಂಟುಗಳ ಕಡೆ ಬನ್ನಿ. 1500 ವ್ಯಾಟ್‌ನ ಕೆಟಲ್ ಆರೂವರೆ ಆಂಪ್ ಎಳೆಯುತ್ತದೆ. ನಾವು ಅದನ್ನು ಸಿಕ್ಕಿಸುವುದು 6 ಆಂಪ್‌ನ ಎಕ್ಸ್‌ಟೆನ್ಷನ್ ಬೋರ್ಡಿಗೆ, ಅದೂ ಎರಡು ಲ್ಯಾಪ್‌ಟಾಪ್ ಚಾರ್ಜರುಗಳ ಪಕ್ಕ. ಬೋರ್ಡ್ ಮುಟ್ಟಿ ನೋಡಿ. ಬಿಸಿ ಇದ್ದರೆ, ಪ್ಲಗ್ಗಿನ ಸುತ್ತ ಕಂದು ಕಲೆ ಇದ್ದರೆ ಅವತ್ತೇ ಬದಲಾಯಿಸಿ. ಕೆಟಲ್, ಹೀಟರ್, ಓವನ್ನಿಗೆ ಗೋಡೆಯ 16 ಆಂಪ್ ಪಾಯಿಂಟೇ ಸರಿ. ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದಾಗ ತಾನೇ ಕರೆಂಟ್ ಕಡಿಯುವ ಸ್ವಿಚ್, ಪದೇಪದೇ ಬೀಳುತ್ತಿದ್ದರೆ ಸುಮ್ನೆ ಮೇಲೆತ್ತಬೇಡಿ, ಜಾಸ್ತಿ ಆಂಪ್‌ನದನ್ನು ಹಾಕಿಸಲೂ ಬೇಡಿ. ಎಲೆಕ್ಟ್ರಿಷಿಯನ್ ಕರೆಸಿ. ಯುಪಿಎಸ್ ರೂಮಿನಲ್ಲಿ ಹಳೇ ಫೈಲು, ರಟ್ಟಿನ ಡಬ್ಬ ಇಡುವ ಚಟ ಬೇರೆ ಇದೆ ನಮಗೆ, ಅದನ್ನೂ ಬಿಡಬೇಕು.

ಈಗ ಸಿಲಿಂಡರ್. ಮಾಮೂಲಿ ಆಫೀಸಿಗೆ ಎಬಿಸಿ ಪುಡಿಯದು (ಕಾಗದ, ಎಣ್ಣೆ, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವಂಥದ್ದು), ಸರ್ವರ್ ರೂಮಿಗೆ ಕಾರ್ಬನ್ ಡೈಆಕ್ಸೈಡ್‌ನದು. ಪುಡಿಯ ಸಿಲಿಂಡರಿನಲ್ಲಿ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡುತ್ತಿರಿ. ಬಳಸುವುದು ಹೀಗೆ: ಪಿನ್ ಕೀಳಿ, ನಳಿಕೆಯನ್ನು ಜ್ವಾಲೆಗಲ್ಲ, ಅದರ ಬುಡಕ್ಕೆ ಹಿಡಿಯಿರಿ, ಹಿಡಿಕೆ ಒತ್ತಿ, ಕಸ ಗುಡಿಸುವ ಹಾಗೆ ಆಚೀಚೆ ಆಡಿಸಿ. ಬಾಗಿಲು ನಿಮ್ಮ ಬೆನ್ನ ಹಿಂದೆ ಇರಲಿ. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿ. ಅಷ್ಟರಲ್ಲಿ ಆರದಿದ್ದರೆ ಬಿಟ್ಟು ಹೊರಡಿ. ವೈರಿಂಗ್ ಬೆಂಕಿಯಾದರೆ ಕೈಗೆ ಸಿಕ್ಕುವ ಹಾಗಿದ್ದಾಗ ಮೇನ್ ಆಫ್ ಮಾಡಿ. ನೀರಂತೂ ಬೇಡವೇ ಬೇಡ.

ಬೆಂಕಿ ಕಂಡವರು ಮೊದಲು ಕೂಗಬೇಕು, ಅಲಾರಂ ಒತ್ತಬೇಕು, ಆಮೇಲೆ 101 ಅಥವಾ 112ಕ್ಕೆ ಫೋನ್. ವಿಳಾಸದ ಜೊತೆ ಹತ್ತಿರದ ಗುರುತು, ಎಷ್ಟನೇ ಮಹಡಿ ಅನ್ನುವುದನ್ನೂ ಹೇಳಿ. ಗಾಬರಿಯಲ್ಲಿ ಪಿನ್‌ಕೋಡ್ ಯಾರಿಗೆ ನೆನಪಿರುತ್ತೆ, ಅಲ್ವಾ? ಒಂದು ಚೀಟಿಯಲ್ಲಿ ಬರೆದು ರಿಸೆಪ್ಷನ್ನಿನಲ್ಲಿ ಅಂಟಿಸಿ. ಲಿಫ್ಟ್ ಹತ್ತಬೇಡಿ. ಹೊಗೆಯಿದ್ದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಸಾಗಿ. ಮೆಟ್ಟಿಲಲ್ಲೇ ದಟ್ಟ ಹೊಗೆಯಿದ್ದರೆ ಹಿಂದಕ್ಕೆ ಬಂದು ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಿ.

ಇದನ್ನೆಲ್ಲ ಆರು ತಿಂಗಳಿಗೊಮ್ಮೆ ಮಾಡಿ ನೋಡಬೇಕು. ಎದುರಿನ ಮರದಡಿಯೋ ಪಾರ್ಕಿಂಗಿನಾಚೆಯೋ ಸೇರುವ ಜಾಗ ಗೊತ್ತು ಮಾಡಿ, ತಲೆ ಎಣಿಸಿ. ನಡೆಯಲು ಕಷ್ಟವಿರುವವರ ಜೊತೆ ಯಾರು ಬರುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಲಿ. ನಮ್ಮ ಮೊದಲ ಡ್ರಿಲ್‌ನಲ್ಲಿ ಎಣಿಕೆಗೆ ಒಬ್ಬರು ಕಮ್ಮಿ ಬಂದರು. ಅಕೌಂಟ್ಸ್‌ನ ಮೇಡಂ ಟಾಯ್ಲೆಟ್‌ನಲ್ಲಿದ್ದರು, ಅವರಿಗೆ ಅಲಾರಂ ಕೇಳಿಸಿರಲೇ ಇಲ್ಲ. ಮಾರನೇ ವಾರ ಅಲ್ಲೂ ಒಂದು ಹೂಟರ್ ಹಾಕಿಸಿದೆವು.