ಮಂಟಪದ ಲೈಟಿಂಗ್‌ಗೆ ನಾನು ನೆಟ್‌ವರ್ಕ್ ಅಡಾಪ್ಟರ್ ಆರಿಸುವ ಬಗೆ

ಮಡಿಕೇರಿ ದಸರಾಕ್ಕೆ ಪಿಕ್ಸೆಲ್ ಲೈಟ್, ಅಂದರೆ ಒಂದೊಂದು ಬಲ್ಬಿನ ಬಣ್ಣವನ್ನೂ ಬೇರೆ ಬೇರೆಯಾಗಿ ಆಡಿಸಬಹುದಾದ ಲೈಟ್, ಕಟ್ಟುವವನು ನಾನು. ವಿಜಯದಶಮಿ ರಾತ್ರಿ ಟ್ರ್ಯಾಕ್ಟರ್ ಮೇಲೆ ಹೊರಡುವ ಹತ್ತು ದೇವಸ್ಥಾನಗಳ ದಶಮಂಟಪಗಳು ಬೆಳಗಿನ ಜಾವದವರೆಗೂ ಬೀದಿಯಲ್ಲೇ ಇರುತ್ತವೆ. ಅಷ್ಟು ಹೊತ್ತು ಲೈಟು ಒಂದೇ ಸಮ ನಡೆಯಬೇಕು. ಬಲ್ಬುಗಳನ್ನು ಆಡಿಸುವ ಕಂಟ್ರೋಲರ್ ಯಾವುದು, ಬಲ್ಬ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಲ್ಯಾಪ್‌ಟಾಪಿನಿಂದ ಕಂಟ್ರೋಲರ್‌ಗೆ ಡೇಟಾ ದಾಟಿಸುವ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಗ್ಗೆ ಯಾರೂ ಕೇಳುವುದಿಲ್ಲ. ಕೈಕೊಡುವುದು ಮಾತ್ರ ಹೆಚ್ಚಾಗಿ ಅದೇ.

ಅಂಗಡಿಯಲ್ಲಿ ‘ಅಣ್ಣಾ, ಇದು ಗಿಗಾಬಿಟ್, ಇದನ್ನೇ ತಗೊಳ್ಳಿ’ ಅನ್ನುತ್ತಾರೆ. ನಮಗೆ ಅಷ್ಟು ಸ್ಪೀಡ್ ಬೇಕಾಗಿಲ್ಲ. ಲೈಟಿನ ಡೇಟಾ ನೆಟ್‌ವರ್ಕ್‌ನಲ್ಲಿ ಕಳಿಸುವ ಇ1.31 ಪ್ರೋಟೋಕಾಲ್‌ನಲ್ಲಿ ಒಂದು ಕಂತಿಗೆ ಯೂನಿವರ್ಸ್ ಅನ್ನುತ್ತಾರೆ, ಅಂದರೆ 512 ಚಾನೆಲ್. ಒಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್, ಹಾಗಾಗಿ 170 ಪಿಕ್ಸೆಲ್ ಹಿಡಿಯುತ್ತದೆ. 4,000 ಪಿಕ್ಸೆಲ್ ಇದ್ದರೆ 24 ಯೂನಿವರ್ಸ್. ಸೆಕೆಂಡಿಗೆ 40 ಫ್ರೇಮ್ ಕಳಿಸಿದರೂ ಸುಮಾರು 5 ಎಂಬಿಪಿಎಸ್ ಅಷ್ಟೇ. 100 ಎಂಬಿಪಿಎಸ್ ಅಡಾಪ್ಟರೇ ಧಾರಾಳ ಸಾಕು.

ತೊಂದರೆ ಬೇರೆ ಕಡೆ ಇದೆ. ಈ ಡೇಟಾ ಯುಡಿಪಿಯಲ್ಲಿ, ಅಂದರೆ ತಲುಪಿತೋ ಇಲ್ಲವೋ ಅಂತ ಕೇಳದೆ ಕಳಿಸುವ ಬಗೆಯಲ್ಲಿ, ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗುತ್ತದೆ. ಕಳೆದುಹೋದ ಪ್ಯಾಕೆಟ್ ಮತ್ತೆ ಬರುವುದಿಲ್ಲ. ಒಂದೊಂದು ಫ್ರೇಮಿಗೂ 24 ಪ್ಯಾಕೆಟ್ ಒಟ್ಟಿಗೆ ನುಗ್ಗುತ್ತವೆ. ಅಗ್ಗದ ಚಿಪ್ ಅಲ್ಲಿ ತಡವರಿಸಿದರೆ ದೇವಿಯ ಹಿಂದಿನ ಪ್ರಭಾವಳಿಯಲ್ಲಿ ಒಂದು ತುಂಡು ಮಾತ್ರ ಗಕ್ಕನೆ ನಿಂತು, ಆಮೇಲೆ ಜಿಗಿಯುತ್ತದೆ. ಬೀದಿಯಲ್ಲಿ ನಿಂತು ನೋಡುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ.

ಹಾಗಾಗಿ ನಾನು ಡಬ್ಬಿಯ ಮೇಲಿನ ಹೆಸರಿಗಿಂತ ಒಳಗಿನ ಚಿಪ್ ನೋಡುತ್ತೇನೆ. ರಿಯಲ್‌ಟೆಕ್ ಆರ್‌ಟಿಎಲ್8153 ಅಥವಾ ಏಸಿಕ್ಸ್ ಎಎಕ್ಸ್88179 ಇದ್ದರೆ ತಗೊಳ್ಳುತ್ತೇನೆ. ಎರಡಕ್ಕೂ ಲಿನಕ್ಸ್‌ನಲ್ಲೇ ಡ್ರೈವರ್ ಇದೆ, ಆದ್ದರಿಂದ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಚುಚ್ಚಿದರೂ ನಡೆಯುತ್ತದೆ. ಚಿಪ್ ಹೆಸರೇ ಹೇಳದ ಮಾಲನ್ನು ಎಷ್ಟೇ ಕಮ್ಮಿಗೆ ಕೊಟ್ಟರೂ ಮುಟ್ಟುವುದಿಲ್ಲ. ಅಂಥವುಗಳಲ್ಲಿ ಕೆಲವಕ್ಕೆ ಒಂದೇ ಮ್ಯಾಕ್ ಅಡ್ರೆಸ್ (ಒಂದೊಂದು ಸಾಧನಕ್ಕೂ ಬೇರೆ ಬೇರೆ ಇರಬೇಕಾದ ಗುರುತಿನ ಸಂಖ್ಯೆ) ಇರುತ್ತದೆ. ಎರಡನ್ನು ಒಂದೇ ಸ್ವಿಚ್‌ಗೆ ಹಾಕಿದರೆ ಯಾರ ಡೇಟಾ ಯಾರಿಗೆ ಅಂತ ಸ್ವಿಚ್ಚೇ ಗೊಂದಲಕ್ಕೆ ಬೀಳುತ್ತದೆ.

ವೈಫೈ ಸಾಲದಾ ಅಂತ ಸಮಿತಿಯ ಹುಡುಗರು ಕೇಳುತ್ತಾರೆ. ಮನೆ ಮುಂದಿನ ನಕ್ಷತ್ರಕ್ಕೆ ಸರಿ. ಬೀದಿ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು. ಅಲ್ಲಿ ಒಂದೇ ಸಲ ಹಲವರಿಗೆ ಕಳಿಸುವ ಮಲ್ಟಿಕಾಸ್ಟ್ ಪ್ಯಾಕೆಟ್‌ಗಳ ಗತಿ ಏನು? ವಯರೇ ಬೇಕು.

ಇನ್ನು ನಮ್ಮೂರ ಹವೆ. ದಸರಾ ಹೊತ್ತಿಗೂ ಮಂಜು, ಜಡಿ ಬಿಟ್ಟಿರುವುದಿಲ್ಲ. ಕಳಪೆ ಪ್ಲಗ್ಗನ್ನು ಎಳೆದು ಟಾರ್ಚ್ ಹಿಡಿದರೆ ಎಂಟು ಪಿನ್ನಿನ ತುದಿಯಲ್ಲಿ ಹಸಿರು ಕಿಲುಬು ಕಾಣುತ್ತದೆ. ಜೊತೆಗೆ ಟ್ರ್ಯಾಕ್ಟರ್ ಕುಲುಕಾಟ. ಅದಕ್ಕೇ ಅಡಾಪ್ಟರ್ ಕೊಳ್ಳುವಾಗ ಕೇಬಲ್ ಒಯ್ದು ಪೋರ್ಟ್‌ಗೆ ಚುಚ್ಚಿ ನೋಡುತ್ತೇನೆ. ಟಕ್ ಅಂತ ಕೂರಬೇಕು, ಅಲ್ಲಾಡಿಸಿದರೆ ಲಿಂಕ್ ದೀಪ ಆರಬಾರದು. ಲ್ಯಾಪ್‌ಟಾಪಿಗೆ ಗಟ್ಟಿಯಾಗಿ ಅಂಟುವ ಅಡಾಪ್ಟರ್‌ಗಿಂತ ಗೇಣುದ್ದ ವಯರಿನ ಬಾಲ ಇರುವುದು ನನಗಿಷ್ಟ. ಬಾಲವನ್ನು ಹಲಗೆಗೆ ಟೈ ಹಾಕಿ ಬಿಗಿದರೆ ಕುಲುಕಾಟ ಯುಎಸ್‌ಬಿ ಪೋರ್ಟಿಗೆ ತಟ್ಟುವುದಿಲ್ಲ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಪವರ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ಮರೆಯದೆ ತೆಗೆಯಿರಿ. ಐಪಿ ಅಡ್ರೆಸ್ ಕೈಯಾರೆ ಕೊಡಿ, ಗೇಟ್‌ವೇ ಖಾಲಿ ಬಿಡಿ. ಆಗ ಇಂಟರ್ನೆಟ್ ವೈಫೈಯಲ್ಲೇ ಹೋಗುತ್ತದೆ, ಲೈಟಿನ ಡೇಟಾ ವಯರಿನಲ್ಲಿ.

ಆಮೇಲೆ ಟೆಸ್ಟ್. ಶೆಡ್ಡಿನಲ್ಲಿ ಜನರೇಟರ್ ಮೇಲೆಯೇ, ಎಲ್ಲ ಪಿಕ್ಸೆಲ್ ಹಾಕಿ, ಸಂಜೆಯಿಂದ ಬೆಳಗಿನವರೆಗೆ ಓಡಿಸುತ್ತೇನೆ. ಹತ್ತು ನಿಮಿಷ ಓಡಿಸಿ ಸರಿ ಇದೆ ಅನ್ನುವುದಕ್ಕೆ ಅರ್ಥವಿಲ್ಲ. ಬಿಸಿಯಾದ ಮೇಲೆ ಲಿಂಕ್ ಬಿಡುವ ಅಡಾಪ್ಟರ್‌ಗಳು ನಡುರಾತ್ರಿಯಲ್ಲೇ ಸಿಕ್ಕಿಬೀಳುತ್ತವೆ. ಪಾಸಾದದ್ದರ ಮೇಲೆ ಟೇಪ್ ಅಂಟಿಸಿ ಗುರುತು ಹಾಕುತ್ತೇನೆ.

ಅದೇ ಚಿಪ್ಪಿನ ಇನ್ನೊಂದು ಅಡಾಪ್ಟರ್ ಸ್ಪೇರ್ ಇರಲಿ. ಹೊಸದು ಚುಚ್ಚಿದಾಗ ವಿಂಡೋಸ್ ಅದನ್ನು ಬೇರೆ ಕನೆಕ್ಷನ್ ಅಂತ ಎಣಿಸುತ್ತದೆ, ಹಳೆಯದರ ಐಪಿ ಬರುವುದಿಲ್ಲ. ಸ್ಪೇರನ್ನೂ ಮೊದಲೇ ಒಮ್ಮೆ ಚುಚ್ಚಿ, ಐಪಿ ಹಾಕಿ, ಲೈಟು ಓಡಿಸಿ ನೋಡಿಯೇ ಡಬ್ಬಿಗೆ ಹಾಕಿಡಿ.