ಸ್ನಾನಘಟ್ಟದಲ್ಲಿ ಸಿಮೆಂಟ್ ರಿಂಗ್: ಕಾವೇರಿಗೆ ಬೀಳುವ ಬಟ್ಟೆ ತಡೆದ ನನ್ನ ಅನುಭವ

ಶ್ರೀರಂಗಪಟ್ಟಣದ ಸ್ನಾನಘಟ್ಟಗಳಲ್ಲಿ ಅಸ್ಥಿ ಬಿಡೋಕೆ ಬಂದವರು ಹೊಳೆಗೆ ಹಾಕುವ ಬಟ್ಟೆ ತಡೆಯೋದು ಆಗದ ಮಾತು ಅಂದವರೇ ಈಗ ಫೋನ್ ಮಾಡಿ "ರಿಂಗ್ ಎಲ್ಲಿ ತಂದ್ರಿ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಪಶ್ಚಿಮವಾಹಿನಿ ಗೊತ್ತಲ್ಲ, ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯುವ ಜಾಗ. ಅಸ್ಥಿ ಬಿಡೋಕೆ ಶ್ರೇಷ್ಠ ಅಂತ ನಂಬಿಕೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನೂ ಇಲ್ಲೇ ಬಿಟ್ಟಿದ್ದು. ಬೂದಿ, ಮೂಳೆ ಹೊಳೆಗೆ ಭಾರವಲ್ಲ. ಭಾರ ಅದರ ಜೊತೆ ಬರೋದು. ತೀರಿಕೊಂಡವರ ಸೀರೆ, ಸ್ವೆಟರ್, ದಿಂಬು, ಚಾಪೆ, ಒಮ್ಮೊಮ್ಮೆ ಮಾತ್ರೆ ಡಬ್ಬಿ ಕೂಡ. ಕರ್ಮ ಮಾಡಿದವರು ತಾವು ಉಟ್ಟ ಪಂಚೆಯನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ.

ನೀರೊಳಗೆ ಆ ಬಟ್ಟೆ ಏನಾಗುತ್ತೆ ಅಂತ ಮೇಲೆ ನಿಂತವರಿಗೆ ಕಾಣೋಲ್ಲ. ಸೀರೆಯ ಒಂದು ತುದಿ ಬಂಡೆ ಸಂದಿಗೆ ಸಿಕ್ಕಿಕೊಳ್ಳುತ್ತೆ. ಮಡಿಕೆಗಳಲ್ಲಿ ಮರಳು ತುಂಬುತ್ತೆ. ಅದರ ಮೇಲೆ ಇನ್ನೊಂದು ಪಂಚೆ, ಅದರ ಮೇಲೊಂದು ಟವೆಲ್. ತಿಂಗಳೊಪ್ಪತ್ತಿನಲ್ಲಿ ಎಲ್ಲ ಹೆಣೆದುಕೊಂಡು ಒಂದೇ ಗಟ್ಟಿ ಪದರ. ಪಾತಾಳಗರಡಿ (ಬಾವಿಗೆ ಬಿದ್ದ ಕೊಡ ಎತ್ತೋ ಕೊಕ್ಕೆಗಳ ಗೊಂಚಲು) ಹಾಕಿ ಇಬ್ಬರು ಎಳೆದರೂ ಅಲ್ಲಾಡೋಲ್ಲ. ಮುಳುಗಿ, ಕುಡುಗೋಲಲ್ಲಿ ಕೊಯ್ದು, ತುಂಡು ತುಂಡಾಗಿ ಮೇಲೆ ತರಬೇಕು. ತಳದ ಪದರ ಕಪ್ಪಗಿರುತ್ತೆ, ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತೆ.

ಶುರುವಿನಲ್ಲಿ ನಾವೂ ಎಲ್ಲರ ಹಾಗೆ ಶ್ರಮದಾನ ಮಾಡಿದೆವು. ಬ್ಯಾನರ್, ಟೀ ಶರ್ಟ್, ಉಪ್ಪಿಟ್ಟು, ಕಾಲೇಜು ಹುಡುಗರು. ಒಂದು ಭಾನುವಾರಕ್ಕೆ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಎರಡು ಟ್ರ್ಯಾಕ್ಟರ್ ಬಟ್ಟೆ ತೆಗೆದೆವು, ಫೋಟೋ ತೆಗೆಸಿಕೊಂಡೆವು. ಅಮಾವಾಸ್ಯೆ ಕಳೆದು ಬಂದು ನೋಡಿದರೆ ಮತ್ತೆ ಅಷ್ಟೇ. ಹೀಗೇ ಎರಡು ವರ್ಷ. ಲಕ್ಷಕ್ಕೆ ಹತ್ತಿರ ಖರ್ಚಾಗಿರಬೇಕು, ಅರ್ಧ ನನ್ನ ಜೇಬಿಂದಲೇ. ತೆಗೆದ ಬಟ್ಟೆ ಎಲ್ಲಿ ಹಾಕೋದು ಅನ್ನೋದು ಇನ್ನೊಂದು ತಲೆನೋವು. ಒಂದು ಕಚೇರಿಯವರು ವಾಹನ ಕಳಿಸುತ್ತೇವೆ ಅಂದರು, ಬರಲಿಲ್ಲ. ರಾಶಿ ದಡದಲ್ಲೇ ಉಳಿಯಿತು. ಮಳೆಗೆ ಮತ್ತೆ ಹೊಳೆಗೇ ಹೋಯಿತು. ದಡದ ಚಹಾ ಅಂಗಡಿ ಹತ್ತಿರ ಯಾರೋ "ಹೊಳೆ ಸೋಸಕ್ ಹೊಂಟವ್ನೆ ಕಣ್ಲಾ" ಅಂದಿದ್ದು ಕಿವಿಗೆ ಬಿತ್ತು. ಬೇಜಾರೇನೂ ಆಗಲಿಲ್ಲ, ಅವರು ಹೇಳಿದ್ದು ಸರಿಯಾಗೇ ಇತ್ತು.

ಆಮೇಲೆ "ಬಟ್ಟೆ ಬಿಡಬೇಡಿ" ಬೋರ್ಡ್. ಅದರ ಮೇಲೇ ಒದ್ದೆ ಟವೆಲ್ ಒಣಹಾಕಿದರು. ಇದೆಲ್ಲ ಆದ ಎಷ್ಟೋ ದಿನಕ್ಕೆ, 2025ರ ಮಾರ್ಚ್‌ನಲ್ಲಿ, ಅರಣ್ಯ ಸಚಿವರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಬಟ್ಟೆ ಬಿಡದ ಹಾಗೆ ನೋಡಿಕೊಳ್ಳಬೇಕು ಅಂತ ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಒಳ್ಳೆಯದೇ. ಆದರೆ ಅಪ್ಪನ ಬಟ್ಟೆ ಕೈಯಲ್ಲಿ ಹಿಡಿದು ನಿಂತ ಮಗನಿಗೆ "ವಾಪಸ್ ತಗೊಂಡು ಹೋಗು" ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಅದು ಮನೆಗೆ ವಾಪಸ್ ಹೋಗೋ ವಸ್ತು ಅಲ್ಲವೇ ಅಲ್ಲ.

ಮೂರನೆಯದು ಬಿದಿರ ಬುಟ್ಟಿ. ಮೆಟ್ಟಿಲ ಮೇಲೆ ದೊಡ್ಡ ಬುಟ್ಟಿ ಇಟ್ಟೆವು. ಒಳಗೆ ಬಿದ್ದಿದ್ದು ಬರೀ ನೀರಿನ ಬಾಟಲಿ, ಊದುಬತ್ತಿ ಪ್ಯಾಕೆಟ್. ಚನ್ನರಾಯಪಟ್ಟಣದ ಕಡೆಯ ಒಬ್ಬ ಅಜ್ಜಿ ಕೇಳಿದರು: "ಬುಟ್ಟಿಗ್ ಹಾಕುದ್ರೆ ಹೊಳೆಗ್ ಬುಟ್ಟಂಗಾಯ್ತದಾ ಸ್ವಾಮಿ?" ಅಷ್ಟೇ ಬೇಕಾಗಿದ್ದು. ಅವರಿಗೆ ಬಟ್ಟೆ ತೇಲಿ ತಮಿಳುನಾಡು ಸೇರಬೇಕು ಅಂತೇನಿಲ್ಲ. ಕಾವೇರಿ ನೀರು ಅದನ್ನು ಮುಟ್ಟಬೇಕು, ತಮ್ಮ ಕೈಯಿಂದ ಬಿಡಬೇಕು. ಹಾಗಾದರೆ ನೀರೊಳಗೇ ಬಿಡಲಿ, ಆದರೆ ನಾವು ಎತ್ತೋ ಹಾಗೆ ಬಿಡಲಿ.

ಇಂಗುಗುಂಡಿಗೆ ಹಾಕೋ ಸಿಮೆಂಟ್ ರಿಂಗ್ ತಂದೆವು. ಮೂರು ಅಡಿ ಅಗಲ, ಒಂದಡಿ ಎತ್ತರ, ಆಗ ಆರುನೂರೋ ಏಳುನೂರೋ ಇತ್ತು. ಸುತ್ತ ತೂತು ಇರೋದನ್ನೇ ಆರಿಸಿ. ಮೊಣಕಾಲುದ್ದ ನೀರಿನಲ್ಲಿ ಒಂದರ ಮೇಲೊಂದು ಎರಡು ಇಟ್ಟರೆ ಅಂಚು ನೀರಿಂದ ಸ್ವಲ್ಪ ಮೇಲೆ ನಿಲ್ಲುತ್ತೆ, ಹೊಳೆ ನೀರು ತೂತುಗಳಿಂದ ರಿಂಗ್ ಒಳಗೇ ಹರಿದು ಹೋಗುತ್ತೆ. ಒಳಗೆ ಮೀನಿನ ಬಲೆ. ಬಿಟ್ಟ ಬಟ್ಟೆ ಹೊಳೆಯಲ್ಲೇ ಮುಳುಗುತ್ತೆ, ಸಂಜೆ ಬಲೆ ಎತ್ತಿದರೆ ಅಷ್ಟೂ ಮೇಲೆ. ಬಲೆಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಯಾರೂ ಕದಿಯದ ಹಾಗೆ ಕಟ್ಟೋದು ಹೇಗೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋಲ್ಲ. ಕದಿಯೋರೂ ಓದುತ್ತಾರೆ ಅಲ್ವಾ!

ಪುರೋಹಿತರು ಒಪ್ಪದೆ ಇದು ನಡೆಯೋಲ್ಲ. ಎಲ್ಲಿ ಬಿಡಬೇಕು ಅಂತ ಹೇಳೋರು ಅವರೇ. ಮೊದಮೊದಲು "ಕರ್ತೃಗಳು (ಕರ್ಮ ಮಾಡೋ ಮನೆಯವರು) ಜಗಳಕ್ಕೆ ಬರ್ತಾರೆ ಕಣಯ್ಯ" ಅಂದರು. ಹಿರಿಯರೊಬ್ಬರು ಒಪ್ಪಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಅವರಿಗೆ ನಾನೇನು ಹೇಳಿದೆ ಅನ್ನೋದು ನನ್ನಲ್ಲೇ ಇರಲಿ, ದುಡ್ಡಂತೂ ಕೊಡಲಿಲ್ಲ. ಈಗ ಹತ್ತು ಜನರಲ್ಲಿ ಏಳೆಂಟು ಮಂದಿ ರಿಂಗ್‌ನಲ್ಲೇ ಬಿಡುತ್ತಾರೆ. ಕಳೆದ ಮಹಾಲಯ ಅಮಾವಾಸ್ಯೆಯಂದು ಒಂದೇ ದಿನ ಮಿನಿ ಲಾರಿ ತುಂಬ ಎತ್ತಿದೆವು, ಬಟ್ಟೆ ತೆಗೆಯೋಕೆ ನಮ್ಮಲ್ಲಿ ಒಬ್ಬರೂ ನೀರಲ್ಲಿ ಮುಳುಗಬೇಕಾಗಲಿಲ್ಲ.

ದುಡ್ಡಿನ ಮಾತಿಗೆ ಬರೋಣ. ಹತ್ತಿ ಬಟ್ಟೆ ಒಗೆದು ಒಣಗಿಸಿದರೆ ಮೈಸೂರಿನ ವೇಸ್ಟ್ ಬಟ್ಟೆ ವ್ಯಾಪಾರಿ ಗ್ಯಾರೇಜುಗಳಿಗೆ ಅಂತ ಕೆಜಿಗೆ ಹತ್ತು ಹನ್ನೆರಡು ರೂಪಾಯಿಗೆ ಒಯ್ಯುತ್ತಾನೆ. ಗುಂಡಿ, ಜಿಪ್ ಕಿತ್ತಿರಬೇಕು. ಪಾಲಿಯೆಸ್ಟರ್ ಸೀರೆಗೆ ಗಿರಾಕಿಯೇ ಇರಲಿಲ್ಲ. ಕಾಲೊರೆಸು ನೇಯಿಸಿದೆವು, ಚೆನ್ನಾಗೇ ಬಂತು. ಕೊಳ್ಳೋಕೆ ಬಂದವರು ಬಟ್ಟೆ ಎಲ್ಲಿಂದ ಬಂತು ಅಂತ ಗೊತ್ತಾದ ಕೂಡಲೇ ಕೈಯಲ್ಲಿದ್ದದ್ದನ್ನೂ ಕೆಳಗಿಟ್ಟು ಹೋದರು. ಕೊನೆಗೆ ದಾರಿ ತೋರಿಸಿದ್ದು ಕಾಡುಹಂದಿ! ಹಂದಿ ಬಾರದಿರಲಿ ಅಂತ ಹೊಲದ ಸುತ್ತ ಸೀರೆ ಕಟ್ಟುತ್ತಾರಲ್ಲ, ಪಾಂಡವಪುರ, ಮೇಲುಕೋಟೆ ಕಡೆಯ ರೈತರು ಬಂದು ಸೀರೆಗೆ ಹತ್ತು ರೂಪಾಯಿ ಕೊಟ್ಟು ಒಯ್ಯುತ್ತಾರೆ. ಹಂದಿಗೆ ಶಾಸ್ತ್ರ ಇಲ್ಲ. ಬಲೆ ಎತ್ತೋ ಇಬ್ಬರ ಕೂಲಿ, ಟೆಂಪೋ ಬಾಡಿಗೆ ಕಳೆದು ತಿಂಗಳಿಗೆ ಸಾವಿರ ಎರಡು ಸಾವಿರ ಕೈಯಿಂದ ಹೋಗುತ್ತೆ. ಹಬ್ಬದ ತಿಂಗಳಲ್ಲಿ ಸರಿಹೋಗುತ್ತೆ. ಲಾಭ ಇಲ್ಲ, ಆದರೆ ಚಂದಾ ಎತ್ತೋಕೆ ಹೋಗೋದು ನಿಂತಿದೆ.

ನಡುವೆ ಸುಮ್ನೆ ಇರಲಾರದೆ ಬೇರೆ ಪ್ರಯೋಗಗಳೂ ಆದವು. ಮೋರಿ ಹೊಳೆ ಸೇರೋ ಬಾಯಿಗೆ ಐದು ಲೀಟರ್ ಎಣ್ಣೆ ಕ್ಯಾನ್‌ಗಳನ್ನು ಹಗ್ಗಕ್ಕೆ ಪೋಣಿಸಿ, ಕೆಳಗೆ ಬಲೆ ಇಳಿಬಿಟ್ಟು ಅಡ್ಡ ಕಟ್ಟಿದೆವು. ಪ್ಲಾಸ್ಟಿಕ್ ಬಾಟಲಿ ಚೆನ್ನಾಗಿ ನಿಂತವು. ಮೂರೇ ವಾರದಲ್ಲಿ ಕ್ಯಾನ್‌ಗಳೇ ಮಾಯ. ಟಿಡಿಎಸ್ ಮೀಟರ್ ಕೊಂಡು ಕೆಲವು ತಿಂಗಳು ನೀರು ಅಳೆದದ್ದೂ ಉಂಟು. ಅದು ಕರಗಿದ ಲವಣ ತೋರಿಸುತ್ತೆ ಅಷ್ಟೇ, ಕಕ್ಕಸು ನೀರು ಸೇರಿದ್ದು ಅದಕ್ಕೆ ತಿಳಿಯೋಲ್ಲ. ಸ್ನಾನದ ನೀರಿಗೆ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗೆ ಕಮ್ಮಿ ಇರಬಾರದು, ಬಿಒಡಿ (ನೀರಲ್ಲಿನ ಕೊಳೆ ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ. ಅದಕ್ಕೆ ಲ್ಯಾಬೇ ಬೇಕು. ಇಷ್ಟಂತೂ ಹೇಳಿಬಿಡುತ್ತೇನೆ: ಬಟ್ಟೆ ನಿಂತ ಮಾತ್ರಕ್ಕೆ ಕಾವೇರಿ ಶುದ್ಧ ಆಗಲಿಲ್ಲ. ಊರೂರಿನ ಚರಂಡಿ ನೀರು ಇದಕ್ಕಿಂತ ದೊಡ್ಡ ಕೊಳೆ, ಅದು ರಿಂಗ್‌ಗೆ ಬಗ್ಗೋ ಕೆಲಸ ಅಲ್ಲ. ಆದರೆ ನಮ್ಮ ಘಟ್ಟದ ಮುಂದೆ ಬೇಸಿಗೆಯಲ್ಲಿ ಮರಳು ಕಾಣುತ್ತೆ. ತೆಪ್ಪದವರ ಬಲೆಗೆ ಈಗ ಸೀರೆ ಸುತ್ತಿಕೊಳ್ಳೋಲ್ಲ. ಅವರು ಹಾಗೆ ಹೇಳಿದ ದಿನ ಎಲ್ಲರಿಗೂ ನಾನೇ ಬಜ್ಜಿ ಕೊಡಿಸಿದೆ.

ಮಾಡೋರಿಗೆ ಒಂದು ಎಚ್ಚರಿಕೆ. 2024ರ ಜುಲೈ ಕೊನೆಯಲ್ಲಿ ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ಬಿಟ್ಟಾಗ ನೂರು ಕೆಜಿ ತೂಗೋ ನಮ್ಮ ರಿಂಗ್‌ಗಳು ಕೊಚ್ಚಿ ಹೋದವು. ಒಂದು ಮಾತ್ರ ಒಡೆದು ಸಿಕ್ಕಿತು. 2025ರಲ್ಲಂತೂ ಜೂನ್ ಕೊನೆಗೇ ಕಟ್ಟೆ ತುಂಬಿತು. ಹಾಗಾಗಿ ಜೂನ್ ಮೊದಲ ವಾರಕ್ಕೇ ಎತ್ತಿಬಿಡಿ, ನೀರು ಇಳಿಯೋವರೆಗೆ ಬಿದಿರ ಚೌಕಟ್ಟಿಗೆ ಬಲೆ ಬಿಗಿದು ಮೆಟ್ಟಿಲಿಗೆ ಕಟ್ಟಿ. ನಂಜನಗೂಡಿನ ಕಪಿಲಾ ದಡದವರು ನಾಲ್ಕು ಅಡಿ ರಿಂಗ್ ಆಗುತ್ತಾ ಅಂತ ಕೇಳಿದ್ದರು. ಬೇಡ. ಮೂರಡಿಯದನ್ನು ನಾಲ್ಕು ಜನ ಹೊತ್ತು ಇಳಿಸಬಹುದು, ನಾಲ್ಕಡಿಯದು ಪಾಚಿ ಹಿಡಿದ ಮೆಟ್ಟಿಲ ಮೇಲೆ ಯಾರ ಕಾಲನ್ನಾದರೂ ತೆಗೆಯುತ್ತೆ.